ಸಮುದ್ರ ಸೇರೋ ನೀರು ವೇಸ್ಟ್ ಅಲ್ಲ

ಬೆಂಗ್ಳೂರಿಗೆ ಬಂದಾಗೆಲ್ಲ ಬಸವನಗುಡಿ ಮನೇಲಿ ನೀರಿನ ಮಾತು ಬಂದೇ ಬರುತ್ತೆ, ಟ್ಯಾಂಕರ್ ರೇಟು, ಬತ್ತಿದ ಬೋರ್‌ವೆಲ್ಲು, ಆಮೇಲೆ ಯಾರಾದ್ರೂ "ಶರಾವತಿ, ಅಘನಾಶಿನಿ ನೀರೆಲ್ಲಾ ಸುಮ್ನೆ ಸಮುದ್ರ ಸೇರ್ತಿದೆ, ಇಲ್ಲಿಗೆ ತರಬಾರ್ದಾ" ಅಂತಾರೆ. ಗೋವಾದಲ್ಲಿ ಸಂಸಾರ ಮಾಡ್ತಿರೋ ನಂಗೆ ಈ ಮಾತು ಒಪ್ಪೋಕೇ ಆಗಲ್ಲ.

ಪಣಜಿ ಪಕ್ಕ ಹರಿಯೋ ಮಾಂಡೋವಿ ಬೇರೆ ಯಾವ್ದೂ ಅಲ್ಲ, ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟೋ ಮಹದಾಯಿ. ಅದರ ದಡದ ಹಳ್ಳಿಗಳಲ್ಲಿ ತಗ್ಗು ಗದ್ದೆಗಳಿಗೆ ಖಾಜನ್ ಅಂತಾರೆ. ಸುತ್ತ ಮಣ್ಣಿನ ಒಡ್ಡು, ಒಡ್ಡಲ್ಲಿ ಮರದ ಬಾಗಿಲಿರೋ ತೂಬು, ಸಮುದ್ರ ಉಬ್ಬಿ ಭರತ ಬಂದಾಗ ನೀರಿನ ಒತ್ತಡಕ್ಕೆ ಅದು ತಾನೇ ಮುಚ್ಕೊಳ್ಳುತ್ತೆ, ಇಳಿತಕ್ಕೆ ತೆರ್ಕೊಳ್ಳುತ್ತೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಮೀನು, ಸೀಗಡಿ. ಒಡ್ಡು ನೋಡ್ಕೊಳ್ಳೋಕೆ ಗೇಣಿದಾರರದ್ದೇ ಸಂಘ ಇದೆ. ದಿವಾಡಿ ದ್ವೀಪಕ್ಕೆ ಇವತ್ತೂ ಫೆರಿನೇ, ನಡ್ಕೊಂಡು ಬರೋರಿಗೆ ಟಿಕೆಟ್ಟೂ ಇಲ್ಲ.

ಇದನ್ನ ನೋಡಿ ಆಶ್ಚರ್ಯಪಡೋ ಬೆಂಗ್ಳೂರಿನ ನೆಂಟರಿಗೆ ನಾನು ಹೇಳೋದು ಒಂದೇ, ಇದು ನಮ್ಮ ಕುಮಟಾದಲ್ಲೂ ಇದೆ ಕಣ್ರೀ. ಅಘನಾಶಿನಿ ಸಮುದ್ರ ಸೇರೋ ಅಳಿವೇಲಿ ಇಂಥ ಗದ್ದೆಗೆ ಗಜನಿ ಅಂತಾರೆ, ಮಾಣಿಕಟ್ಟಾ ಕಡೆ ಉಪ್ಪು ತಡ್ಕೊಳ್ಳೋ ಕಗ್ಗ ಭತ್ತ ಬೆಳೀತಾರೆ, ಇಳಿತದಲ್ಲಿ ಹೆಂಗಸರು ಚಿಪ್ಪಿಕಲ್ಲು ಆರಿಸ್ತಾರೆ. ಶಿರಸಿ ಕಡೆ ಹುಟ್ಟಿ ಬರೋ ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ, 2024ರಲ್ಲಿ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟೀಲೂ ಜಾಗ ಸಿಕ್ತು. ಪಕ್ಕದ ಶರಾವತೀಲಿ ಕರೆಂಟಿಗೋಸ್ಕರ ವರ್ಷವಿಡೀ ಸಿಹಿನೀರು ಬಿಟ್ಟು ಬಿಟ್ಟು ಅಳಿವೆಯ ಉಪ್ಪು ತಗ್ಗಿ ಚಿಪ್ಪಿಕಲ್ಲೇ ಕಡಿಮೆ ಆಗೋಯ್ತು. ಅಘನಾಶಿನಿ ನೀರನ್ನ ಮೇಲೇ ತಡೆದ್ರೆ ಉಪ್ಪು ಒಳಗೊಳಗೆ ಏರುತ್ತೆ, ಬಾವಿಗೂ ಬರುತ್ತೆ. ಹೆಚ್ಚಾದ್ರೂ ಕಷ್ಟ, ಕಡಿಮೆಯಾದ್ರೂ ಕಷ್ಟ, ಆ ಹದದ ಮೇಲೇ ಅಷ್ಟೂ ಊರಿನ ಊಟ ನಿಂತಿದೆ.

ಮಹದಾಯಿ ನೀರನ್ನ ಕರ್ನಾಟಕದ ಕಡೆ ತಿರುಗಿಸಬೇಡಿ ಅಂತ ಗೋವಾದವರು ಹೇಳೋದೆಲ್ಲಾ ಸರಿ ಅಂತಲ್ಲ, ನವಲಗುಂದ ನರಗುಂದದ ಜನಕ್ಕೆ ಕುಡಿಯೋ ನೀರು ಬೇಕೇ ಬೇಕು, ಅದಕ್ಕೆ ನಾನು ಅಲ್ಲಿ ಗೆಳೆಯರ ಹತ್ರ ಜಗಳಾನೂ ಆಡಿದೀನಿ. ಆದ್ರೆ ಅಲ್ಲಿ ನದಿ ಮಾತು ಬಂದ್ರೆ ಅಳಿವೆ ಊರಿನ ಮೀನುಗಾರನ ಮಾತೂ ಬರುತ್ತೆ. ಇಲ್ಲಿ ನಮ್ಮನೇಲಿ ಅಘನಾಶಿನಿ ಅಳಿವೆಯ ಊರು ತದಡಿ ಹೆಸರೇ ಯಾರೂ ಎತ್ತಲ್ಲ.

2024ರ ಅಕ್ಟೋಬರ್‌ನಲ್ಲಿ ಬೆಂಗ್ಳೂರಿನ ಕಾವೇರಿ ನೀರಿನ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಜಾಸ್ತಿ ಸಿಗೋ ಹಾಗಾಯ್ತು. ಬಸವನಗುಡೀಲೇ ಹುಟ್ಟೋ ವೃಷಭಾವತಿ ಮಾತ್ರ ಗಾಳಿ ಆಂಜನೇಯನ ಗುಡಿ ಹತ್ರ ಇನ್ನೂ ಕೊಳಚೆ ಹೊತ್ಕೊಂಡು ಹರೀತಿದೆ. ಮೊದಲು ಅದನ್ನ ಶುದ್ಧ ಮಾಡಿ ಮತ್ತೆ ಬಳಸೋ ಕೆಲ್ಸ ಪೂರ್ತಿ ಮಾಡ್ಲಿ. ಅದಾದ್ಮೇಲೂ ಪಶ್ಚಿಮದ ನದಿ ಬೇಕು ಅನ್ನೋದಾದ್ರೆ ಸರ್ಕಾರ ಮೊದಲ ಸಭೆಯನ್ನ ಮಾಣಿಕಟ್ಟಾದಲ್ಲಿ ಕರೀಲಿ, ಪೈಪಿನ ನಕ್ಷೆ ಬರೆಯೋಕ್ ಮುಂಚೆ.