ತಪಾಸಣೆಯ ದಿನ ತೆರೆಯುವ ಗ್ರಂಥಾಲಯ

ದೊಡ್ಡ ಆಸ್ಪತ್ರೆಯೊಂದಕ್ಕೆ ಗ್ರಂಥಾಲಯ ಏಕೆ ಬೇಕು ಎಂಬ ಪ್ರಶ್ನೆಗೆ ಆಡಳಿತ ಮಂಡಳಿಗಳು ಬಹಳ ಹಿಂದೆಯೇ ಸಮಾಧಾನಕರವಾದ ಉತ್ತರವನ್ನು ಕಂಡುಕೊಂಡಿವೆ. ಮಾನ್ಯತೆ ಕೊಡುವ ತಂಡ ತಪಾಸಣೆಗೆ ಬಂದಾಗ ತೋರಿಸಲು ಅದು ಬೇಕು. ಆ ದಿನ ಕಪಾಟುಗಳ ಬೀಗ ತೆಗೆಯಲಾಗುತ್ತದೆ, ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಕಳಚಲಾಗುತ್ತದೆ, ಕಿರಿಯ ವೈದ್ಯರ ಗುಂಪೊಂದನ್ನು ವಾರ್ಡಿನಿಂದ ಕರೆತಂದು ದಪ್ಪನೆಯ ಪುಸ್ತಕಗಳ ಮುಂದೆ ಕೂರಿಸಲಾಗುತ್ತದೆ. ಹಾಜರಿ ಪುಸ್ತಕವನ್ನು ತಿರುವಿದರೆ ಕಳೆದ ಹಲವು ತಿಂಗಳ ಓದುಗರೆಲ್ಲರೂ ಒಂದೇ ಪೆನ್ನಿನಿಂದ, ಒಂದೇ ಕೈಬರಹದಲ್ಲಿ ಸಹಿ ಮಾಡಿರುವುದು ಕಾಣುತ್ತದೆ. ಓದು ಜನರಲ್ಲಿ ಐಕಮತ್ಯವನ್ನು ಬೆಳೆಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೌನ ಪಾಲಿಸಿ ಎಂಬ ಫಲಕಕ್ಕೆ ಇಷ್ಟು ಗೌರವ ಸಿಗುವ ಸ್ಥಳ ಇಡೀ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ, ಶವಾಗಾರವೊಂದನ್ನು ಬಿಟ್ಟರೆ.

ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ಗ್ರಂಥಾಲಯ ಸೇವೆಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಕೇಳಿದ ವಿಷಯದ ಮೇಲೆ ಪ್ರಕಟವಾಗಿರುವ ಸಂಶೋಧನೆಗಳನ್ನು ಹುಡುಕಿಕೊಡುವುದು, ತಮ್ಮಲ್ಲಿಲ್ಲದ ಲೇಖನವನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವುದು, ಪ್ರಬಂಧ ಬರೆಯುವವರ ಉಲ್ಲೇಖಗಳನ್ನು ಸರಿಪಡಿಸುವುದು, ರೋಗಿಯ ಮನೆಯವರಿಗೆ ಅರ್ಥವಾಗುವ ಮಾಹಿತಿ ಒದಗಿಸುವುದು ಎಲ್ಲವೂ ಅದರಲ್ಲಿವೆ. ಪಟ್ಟಿ ಸುಳ್ಳೇನಲ್ಲ. ಕೆಲಸ ಬಲ್ಲ ಗ್ರಂಥಪಾಲಕರು ಇರುವ ಕಡೆ ಇವೆಲ್ಲ ನಿಜವಾಗಿಯೂ ನಡೆಯುತ್ತವೆ. ಮೂತ್ರಪಿಂಡ ಸೋತಿರುವ ವೃದ್ಧೆಯೊಬ್ಬರಿಗೆ ಹೃದಯಾಘಾತವಾದಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಔಷಧಗಳಲ್ಲಿ ಯಾವುದರ ಅಪಾಯ ಕಡಿಮೆ ಎಂದು ವೈದ್ಯರು ಕೇಳಿದರೆ, ಗ್ರಂಥಪಾಲಕರು ಮೊದಲು ಪ್ರಶ್ನೆಯನ್ನೇ ಬಿಡಿಸುತ್ತಾರೆ: ರೋಗಿ ಯಾರು, ಚಿಕಿತ್ಸೆ ಯಾವುದು, ಅದನ್ನು ಯಾವುದರೊಂದಿಗೆ ಹೋಲಿಸಬೇಕು, ಯಾವ ಫಲಿತಾಂಶ ಮುಖ್ಯ. ಆಮೇಲೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಿಂದ ಬೆಳೆಸಿಕೊಂಡು ಬಂದಿರುವ ವಿಷಯ ಶೀರ್ಷಿಕೆಗಳನ್ನು ಹಿಡಿದು ಹುಡುಕುತ್ತಾರೆ. ಒಬ್ಬ ಲೇಖಕ ಹಾರ್ಟ್ ಅಟ್ಯಾಕ್ ಎಂದೂ ಇನ್ನೊಬ್ಬ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂದೂ ಬರೆದಿದ್ದರೂ ಎರಡೂ ಲೇಖನಗಳು ಒಂದೇ ಶೀರ್ಷಿಕೆಯಡಿ ಸಿಗುವುದು ಆ ವ್ಯವಸ್ಥೆಯಿಂದ.

ಇಷ್ಟೆಲ್ಲ ತೊಂದರೆ ಏಕೆ ಎನ್ನುವುದು ಆಡಳಿತದ ವಾದ. ಜೇಬಿನಲ್ಲಿ ಮೊಬೈಲ್ ಇದೆ, ಮೊಬೈಲಿನಲ್ಲಿ ಗೂಗಲ್ ಇದೆ, ಗೂಗಲ್ ಒಂದೇ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಆ ಉತ್ತರದ ನೆತ್ತಿಯ ಮೇಲೆ ಅದೇ ಔಷಧದ ಜಾಹೀರಾತು ಕುಳಿತಿದ್ದರೆ ಅದನ್ನು ಹೆಚ್ಚುವರಿ ಸೌಲಭ್ಯವೆಂದು ಭಾವಿಸಬೇಕು.

ಹುಡುಕಾಟ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದು ಊಹೆಯ ಮಾತಲ್ಲ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಅಸ್ತಮಾ ಕುರಿತ ಪ್ರಯೋಗಕ್ಕಾಗಿ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಸೇವಿಸಿದ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರು ಶ್ವಾಸಕೋಶ ಹಾಳಾಗಿ ತೀರಿಕೊಂಡರು. ಆ ರಾಸಾಯನಿಕದಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದೆಂಬ ವರದಿಗಳು 1950ರ ದಶಕದಲ್ಲಿಯೇ ಪ್ರಕಟವಾಗಿದ್ದವು. ಸಂಶೋಧಕರು ನೋಡಿದ್ದ ಪಬ್‌ಮೆಡ್ ಎಂಬ ಆನ್‌ಲೈನ್ ಸೂಚಿ ಮಾತ್ರ ಆಗ ಮುಖ್ಯವಾಗಿ 1966ರಿಂದ ಈಚಿನ ಲೇಖನಗಳನ್ನಷ್ಟೇ ಒಳಗೊಂಡಿತ್ತು. ಅದಕ್ಕೂ ಹಿಂದಿನ ವರದಿಗಳು ಬೇಕಾದವರು ಮುದ್ರಿತ ಸೂಚಿಗಳ ಹಳೆಯ ಸಂಪುಟಗಳನ್ನು ಬಿಡಿಸಬೇಕಿತ್ತು ಎಂದು ವೈದ್ಯಕೀಯ ಗ್ರಂಥಪಾಲಕರು ಅನಂತರ ತೋರಿಸಿಕೊಟ್ಟರು. ಗ್ರಂಥಾಲಯದಲ್ಲಿ ಸಭಾಂಗಣಕ್ಕೆ ಜಾಗ ಮಾಡಬೇಕಾದಾಗ ರದ್ದಿಗೆ ಮೊದಲು ಹೋಗುವುದು ಯಾವ ಸಂಪುಟಗಳು ಎಂದು ಕೇಳಿದರೆ ಯಾರಾದರೂ ಹೇಳುತ್ತಾರೆ. ಅವೇ.

ಇನ್ನು ಚಂದಾ ವ್ಯವಹಾರಕ್ಕೆ ಬರೋಣ. ಇದು ಅರ್ಥಶಾಸ್ತ್ರಜ್ಞರು ಬಿಡುವು ಮಾಡಿಕೊಂಡು ಅಧ್ಯಯನ ಮಾಡಬೇಕಾದ ಸಂಗತಿ. ಆಸ್ಪತ್ರೆಯ ವೈದ್ಯರು ಆಸ್ಪತ್ರೆಯ ರೋಗಿಗಳನ್ನು ನೋಡಿ ಪಡೆದ ಅನುಭವವನ್ನು ಸಂಭಾವನೆಯಿಲ್ಲದೆ ಲೇಖನವಾಗಿಸಿ ನಿಯತಕಾಲಿಕಕ್ಕೆ ಕಳುಹಿಸುತ್ತಾರೆ, ಬೇರೊಂದು ಆಸ್ಪತ್ರೆಯ ವೈದ್ಯರು ಅದನ್ನು ಬಹುಮಟ್ಟಿಗೆ ಪುಕ್ಕಟೆಯಾಗಿಯೇ ಪರಿಶೀಲಿಸುತ್ತಾರೆ, ಬಳಿಕ ಎರಡೂ ಆಸ್ಪತ್ರೆಗಳು ಅದನ್ನು ಓದುವ ಹಕ್ಕಿಗಾಗಿ ಪ್ರಕಾಶಕರಿಗೆ ವರ್ಷವರ್ಷವೂ ಹಣ ಕಟ್ಟುತ್ತವೆ. ಹೀಗೆ ತಮ್ಮದನ್ನೇ ಕೊಂಡುಕೊಂಡ ಮೇಲೆ ಅದನ್ನು ಸ್ವಂತ ಸಿಬ್ಬಂದಿಯಿಂದ ಕಾಪಾಡುವ ಹೊಣೆ ಆಡಳಿತದ ಹೆಗಲೇರುತ್ತದೆ. ಪಾಸ್‌ವರ್ಡ್ ಇರುವುದು ಒಬ್ಬರೇ ಅಧಿಕಾರಿಯ ಬಳಿ, ಅವರು ಇರುವುದು ರಜೆಯಲ್ಲಿ. ಎಲ್ಲ ನಿಯತಕಾಲಿಕಗಳೂ ತೆರೆದುಕೊಳ್ಳುವ ಏಕೈಕ ಕಂಪ್ಯೂಟರ್ ಗ್ರಂಥಾಲಯದ ಒಳಗಿದೆ, ಗ್ರಂಥಾಲಯ ಸಂಜೆ ಐದಕ್ಕೆ ಮುಚ್ಚುತ್ತದೆ, ರಾತ್ರಿ ಪಾಳಿಯ ವೈದ್ಯರಿಗೆ ಸಂದೇಹ ಬರುವುದು ನಡುರಾತ್ರಿ ಎರಡಕ್ಕೆ. ಈ ಎಲ್ಲ ಕೋಟೆಗಳನ್ನು ದಾಟಿ ಒಳಹೊಕ್ಕವರು ಸ್ತನ ಕ್ಯಾನ್ಸರ್ ಕುರಿತ ಲೇಖನವನ್ನು ತೆರೆಯಲು ಹೋದರೆ, ಸಂಸ್ಥೆಯ ಜಾಲ ಸುರಕ್ಷತಾ ವ್ಯವಸ್ಥೆ ಆ ಪುಟವನ್ನು ಅಶ್ಲೀಲವೆಂದು ತಡೆದು, ವೈದ್ಯರ ಹೆಸರನ್ನು ಶಿಸ್ತುಪಾಲನಾ ಕಡತಕ್ಕೆ ಸೇರಿಸುತ್ತದೆ. ಅಂಗರಚನಾಶಾಸ್ತ್ರ ವಿಭಾಗದವರ ಗತಿ ಏನೆಂದು ನಾನು ವಿಚಾರಿಸಲು ಹೋಗಿಲ್ಲ.

ಎಲ್ಲವೂ ಇಂಟರ್‌ನೆಟ್‌ನಲ್ಲಿ ಸಿಗುವಾಗ ಗ್ರಂಥಪಾಲಕರೇಕೆ ಎಂಬ ಮಾತು ಆಯವ್ಯಯ ಸಭೆಗಳಲ್ಲಿ ಮಂತ್ರದಂತೆ ಕೇಳಿಬರುತ್ತದೆ. ಪಬ್‌ಮೆಡ್ 1997ರಿಂದ ಎಲ್ಲರಿಗೂ ಉಚಿತ, ಅದರಲ್ಲಿರುವ ದಾಖಲೆಗಳು ಮೂರೂವರೆ ಕೋಟಿಯನ್ನು ಮೀರಿವೆ, ನಿಜ. ಆದರೆ ಅಲ್ಲಿರುವುದು ಲೇಖನದ ವಿವರ ಮತ್ತು ಸಾರಾಂಶ; ಪೂರ್ಣಪಾಠ ಬೇಕೆಂದರೆ ಬಹಳಷ್ಟು ಸಲ ಪ್ರಕಾಶಕರ ಹುಂಡಿಯ ಮುಂದೆಯೇ ನಿಲ್ಲಬೇಕು. ಎಂದೋ ಇಳಿಸಿಟ್ಟುಕೊಂಡ ಪಿಡಿಎಫ್‌ಗೆ, ನಂಬಲರ್ಹವಲ್ಲವೆಂದು ಪ್ರಕಟಿಸಿದ ಪತ್ರಿಕೆಯೇ ತನ್ನನ್ನು ಹಿಂಪಡೆದಿದೆ ಎಂಬ ಸುದ್ದಿ ತಾನಾಗಿ ತಿಳಿಯುವುದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು ಪೂರ್ತಿಯಾಗಿ ಹಿಂಪಡೆಯಲು 2010ರವರೆಗೆ ಕಾಯಬೇಕಾಯಿತು, ಅದನ್ನು ಹಂಚುವವರು ಇಂದಿಗೂ ನಿಂತಿಲ್ಲ.

ಈಗ ಕೃತಕ ಬುದ್ಧಿಮತ್ತೆಯೂ ಸೇವೆಗೆ ಸಿದ್ಧವಾಗಿದೆ. ಅದು ಲೇಖಕರ ಹೆಸರು, ಸಂಪುಟ, ಪುಟಸಂಖ್ಯೆ ಸಹಿತ ಉಲ್ಲೇಖಗಳನ್ನು ಒದಗಿಸುತ್ತದೆ. ಕೆಲವೊಮ್ಮೆ ಆ ಲೇಖನಗಳನ್ನು ಯಾರೂ ಬರೆದಿರುವುದೇ ಇಲ್ಲ, ಅಷ್ಟೇ. ಹಿರಿಯ ವೈದ್ಯರೊಬ್ಬರು ಇಂಥ ಪಟ್ಟಿಯನ್ನು ಗ್ರಂಥಪಾಲಕರ ಮೇಜಿನ ಮೇಲಿಟ್ಟು ಸಂಜೆಯೊಳಗೆ ಎಲ್ಲವೂ ಬೇಕೆನ್ನುತ್ತಾರೆ. ಗ್ರಂಥಪಾಲಕರು ಸಂಪುಟವನ್ನು ತೆರೆದು, ಆ ಪುಟದಲ್ಲಿ ಬೇರಾವುದೋ ಲೇಖನ ಇರುವುದನ್ನು ತೋರಿಸಿ, "ಸರ್, ಇದು ಇಲ್ಲವೇ ಇಲ್ಲ" ಎಂದು ವಿನಯದಿಂದ ತಿಳಿಸಿದರೆ, "ನಿಮ್ಮ ಗ್ರಂಥಾಲಯದಲ್ಲಿ ಏನು ತಾನೇ ಇದೆ ಹೇಳಿ" ಎಂಬ ಮಾತು ಬರುತ್ತದೆ. ಇಲ್ಲದ ಲೇಖನವನ್ನು ಇಟ್ಟುಕೊಳ್ಳದ ಅಪರಾಧ ಆ ವರ್ಷದ ಕಾರ್ಯಕ್ಷಮತಾ ವರದಿಯಲ್ಲಿ ಸೇರುತ್ತದೆ.

ಇಷ್ಟಾದ ಮೇಲೆ ಸುಧಾರಣೆ ಶುರುವಾಗುತ್ತದೆ. ಗ್ರಂಥಾಲಯಕ್ಕೆ ಜ್ಞಾನ ಸಂಪನ್ಮೂಲ ಕೇಂದ್ರ ಎಂದು ಹೆಸರಿಡಲಾಗುತ್ತದೆ, ಅಳಿಯನಲ್ಲ ಮಗಳ ಗಂಡ ಎಂಬಂತೆ; ಗ್ರಂಥಪಾಲಕರನ್ನು ಹೊರರೋಗಿ ವಿಭಾಗದ ಚೀಟಿ ಬರೆಯುವ ಕಿಟಕಿಗೆ ವರ್ಗಾಯಿಸಲಾಗುತ್ತದೆ; ಕೇಂದ್ರವನ್ನು ಮುಂದುವರಿಸಬೇಕೇ ಎಂದು ತೀರ್ಮಾನಿಸಲು ಸಮಿತಿ ಕೂರುತ್ತದೆ. ಇದು ಪುರಾವೆ ಆಧರಿಸಿ ಕೆಲಸ ಮಾಡುವ ಸಂಸ್ಥೆಯಾದ್ದರಿಂದ, ಗ್ರಂಥಾಲಯದಿಂದ ರೋಗಿಗೆ ಉಪಯೋಗವಾಗಿದೆ ಎನ್ನುವುದಕ್ಕೆ ಪುರಾವೆ ಬೇಕೆಂದು ಸಮಿತಿಯ ಅಧ್ಯಕ್ಷರು ಕೇಳುತ್ತಾರೆ. ಪುರಾವೆ ಇದೆ. ಅಮೆರಿಕದ ರೋಚೆಸ್ಟರ್ ಪ್ರದೇಶದ 15 ಆಸ್ಪತ್ರೆಗಳ ವೈದ್ಯರ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ರಂಥಾಲಯ ಒದಗಿಸಿದ ಮಾಹಿತಿಯಿಂದಾಗಿ ಚಿಕಿತ್ಸೆಯ ಯಾವುದಾದರೊಂದು ಅಂಶವನ್ನು ಬದಲಿಸಿಕೊಂಡೆವು ಅಥವಾ ಬಹುಶಃ ಬದಲಿಸಿಕೊಂಡೆವು ಎಂದು ಶೇಕಡಾ 80ರಷ್ಟು ವೈದ್ಯರು ಹೇಳಿದ್ದರು. ಆ ಲೇಖನವನ್ನು ಓದಲು ಚಂದಾ ಬೇಡ, ಪಾಸ್‌ವರ್ಡ್ ಬೇಡ, ಅದು ಲೇಖನಗಳ ಪೂರ್ಣಪಾಠವನ್ನೇ ಇಡುವ ಪಬ್‌ಮೆಡ್ ಸೆಂಟ್ರಲ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಅಲ್ಲಿ ಹುಡುಕಬೇಕೆಂದು ಸಮಿತಿಗೆ ಹೇಳಬಲ್ಲವರು ಆ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ ಚೀಟಿ ಬರೆಯುತ್ತಿದ್ದರು. ಸದಸ್ಯರೊಬ್ಬರು ಮೊಬೈಲಿನಲ್ಲಿ ಒಂದು ನಿಮಿಷ ನೋಡಿದರು, ಚಹಾ ಬಂತು, ಪುರಾವೆ ಲಭ್ಯವಿಲ್ಲವೆಂದು ನಡಾವಳಿಯಲ್ಲಿ ದಾಖಲಾಯಿತು.