ಹಸು ಸತ್ತ ಮನೆಯವ್ರನ್ನೂ ಒಂದ್ಸಲ ಮಾತಾಡಿಸ್ರಪ್ಪ

ನಾವಿರೋದು ಇಂಗ್ಲೆಂಡಿನ ಡೆವನ್ ಕಡೆ, ಸುತ್ತ ಬರೀ ಹುಲ್ಲು, ದನ, ಕುರಿ. ಪಕ್ಕದ ಫಾರ್ಮಿನವನ ಅಡುಗೆಮನೆ ಕಿಟಕಿ ಹತ್ರ ಒಂದು ಕಾರ್ಡ್ ನಿಲ್ಲಿಸಿಟ್ಟಿದ್ದ, ಯಾರದ್ದಾದ್ರೂ ಹುಟ್ಟುಹಬ್ಬನಾ ಅಂತ ಕೇಳಿದೆ. ಅಲ್ಲ, ಅವನ ಒಂದು ಮುದಿ ಹಸು ಸತ್ತಿದ್ದಕ್ಕೆ ದನದ ಡಾಕ್ಟ್ರು ಕಳಿಸಿದ ಕಾರ್ಡ್ ಅದು, ಕೈಯಲ್ಲೇ ಬರ್ದಿದ್ರು, ಹಸುವಿನ ಹೆಸರು ಹಾಕಿ, ನೀನು ಅವಳನ್ನ ಚೆನ್ನಾಗಿ ನೋಡ್ಕೊಂಡೆ ಅಂತ. ಕೊಟ್ಟಿಗೆ ತುಂಬ ದನ ಇರೋ ಮನುಷ್ಯ, ಅದನ್ನ ನಂಗೆ ಓದಿ ಹೇಳೋವಾಗ ಅವನಿಗೆ ದನಿ ಬರ್ಲಿಲ್ಲ.

ನಂಗೆ ಖುಷಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯ್ತು, ಯಾಕಂದ್ರೆ ಅಪ್ಪ ನೆನಪಾದ್ರು.

ಊರಲ್ಲಿ ನಮ್ಮ ಗೌರಿ ಹೋಗಿದ್ದು ಕರು ಹಾಕಿದ ಮಾರನೇ ದಿನ. ಹಾಲುಜ್ವರ. ಕರು ಹಾಕ್ತಿದ್ದಂಗೆ ಕ್ಯಾಲ್ಸಿಯಂ ಒಮ್ಮೆಲೇ ಹಾಲಿನ ಜೊತೆ ಕೆಚ್ಚಲಿಗೆ ಇಳಿಯುತ್ತೆ, ರಕ್ತದಲ್ಲಿ ಕಮ್ಮಿ ಆಗ್ಬಿಡುತ್ತೆ, ಜಾಸ್ತಿ ಹಾಲು ಕೊಡೋ ಹಸುಗಳಿಗೇ, ಅದ್ರಲ್ಲೂ ನಾಲ್ಕೈದು ಸೂಲು ಕಂಡವಕ್ಕೇ ಇದು ಬರೋದು ಹೆಚ್ಚು. ಕುತ್ತಿಗೆನ ಪಕ್ಕೆ ಕಡೆ ತಿರುಗಿಸ್ಕೊಂಡು ಮಲಗಿದ್ಲಂತೆ, ಕಿವಿ ಮುಟ್ಟಿದ್ರೆ ತಣ್ಣಗಿತ್ತಂತೆ, ಸುಸ್ತಿಗೆ ಮಲಗಿದಾಳೆ ಅನ್ಕೊಂಡ್ರು ಅಪ್ಪ. ಡಾಕ್ಟ್ರು ಬಂದು ಕ್ಯಾಲ್ಸಿಯಂ ಬಾಟ್ಲಿ ಏರಿಸೋ ಹೊತ್ತಿಗೆ ಕೈ ಮೀರಿತ್ತು.

ಆಮೇಲೆ ಮನೆಗೆ ಬಂದವ್ರೆಲ್ಲ ಕೇಳಿದ್ದು ಒಂದೇ, ಇನ್ಶೂರೆನ್ಸ್ ಇತ್ತಾ ಅಣ್ಣ? ಕಿವಿ ಓಲೆ (ಹಸುವಿನ ಕಿವಿಗೆ ಹಾಕೋ ನಂಬರ್ ಬಿಲ್ಲೆ) ತೆಗ್ದಿಟ್ಟಿದೀರಾ, ಓಲೆ ಇಲ್ದಿದ್ರೆ ಕ್ಲೈಮ್ ಆಗಲ್ಲ. ಒಬ್ರಂತೂ ಅವತ್ತೇ, ನಮ್ ಪೈಕಿ ಒಂದು ಗಬ್ಬದ ಹಸು ಇದೆ, ನೋಡ್ಕೊಂಡು ಬರೋಣ ಬನ್ನಿ ಅಂದ್ರು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಅಂದ್ರೆ, ಒಂದು ಹಸುಗೆ ಇಷ್ಟೊಂದಾ ಅನ್ನೋ ಮಾತು ಬೇರೆ. ಫೋನಲ್ಲಿ ನನ್ನ ಹತ್ರ ಅಪ್ಪ ಹೇಳಿದ್ದು ಇಷ್ಟೇ, "ಐದು ಗಂಟೆಗೆ ಎಚ್ಚರ ಆಗುತ್ತೆ ಕಣೋ, ಎದ್ದು ಚೆಂಬು ಹಿಡ್ಕೊಂಡು ಕೊಟ್ಟಿಗೆ ಬಾಗಿಲ ತನಕ ಹೋಗಿರ್ತೀನಿ." ಕರುಗೆ ಬೆರಳು ಚೀಪಿಸಿ ಚೀಪಿಸಿ ಬಾಟ್ಲಿ ಹಾಲು ಅಭ್ಯಾಸ ಮಾಡಿಸಿದ್ದೂ ಅವರೇ, ಅದು ರಾತ್ರಿಯೆಲ್ಲ ಅಂಬಾ ಅಂದ್ರೆ ಎದ್ದು ಹೋಗಿ ಕೂತಿದ್ದೂ ಅವರೇ.

ದನನ ಮನೆಮಗಳು ಅಂತೀವಲ್ಲ ನಾವು, ಬಾಯಿ ತುಂಬ ಅಂತೀವಿ. ಆ ಮನೆಮಗಳು ಹೋದಾಗ ದಿನಾ ಹಾಲು ಕರೆದು, ಮೈ ತೊಳೆದು, ಬಾಣಂತನ ಮಾಡಿದವ್ರನ್ನ ಕೂರಿಸ್ಕೊಂಡು ಹೇಗಿದೀರಿ ಅಂತ ಯಾಕೆ ಕೇಳಲ್ಲ? 1989ರಲ್ಲಿ ಅಮೆರಿಕದ ಕೆನೆತ್ ಡೋಕಾ ಅನ್ನೋ ಪ್ರೊಫೆಸರ್ ಇದನ್ನೇ ಬರೆದ್ರು, ಸುತ್ತಲಿನವ್ರು ಲೆಕ್ಕಕ್ಕೇ ತಗೊಳ್ಳದ ದುಃಖ ಒಂದಿರುತ್ತೆ, ಬಾಯಿಬಿಟ್ಟು ಅಳೋಕೂ ಆಗದೇ ಇರೋದ್ರಿಂದ ಅದು ಒಳಗೇ ಉಳಿಯುತ್ತೆ ಅಂತ. ಅಪ್ಪನಿಗೆ ಹಸು ಹೋಗಿದ್ದಕ್ಕಿಂತ, ಮೊದ್ಲೇ ಡಾಕ್ಟ್ರನ್ನ ಕರೀಬೇಕಿತ್ತು ಅನ್ನೋದೇ ಕೊರೀತಿತ್ತು, ಅದನ್ನ ಯಾರ ಹತ್ರ ಹೇಳ್ತಾರೆ ಪಾಪ.

ಇಲ್ಲಿ ಹೇಳ್ಕೊಳ್ಳೋಕೆ ಜಾಗ ಇದೆ. ಫಾರ್ಮಿಂಗ್ ಕಮ್ಯುನಿಟಿ ನೆಟ್‌ವರ್ಕ್ ಅಂತ 1995ರಿಂದ ಇದೆ, ರೈತರ ಕಷ್ಟ ಕೇಳೋಕೇ ಇರೋ ಸಂಸ್ಥೆ, ಅಲ್ಲಿ ಫೋನ್ ಎತ್ತೋರಲ್ಲಿ ಬೇಸಾಯ ಗೊತ್ತಿರೋರೇ ಜಾಸ್ತಿ. 2001ರಲ್ಲಿ ಕಾಲುಬಾಯಿ ಜ್ವರ ಬಂದು ಈ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ದನ ಕುರಿ ಹಂದಿಗಳನ್ನ ಕೊಂದ್ರು, ರೋಗ ಇಲ್ಲದ ಹಿಂಡುಗಳನ್ನೂ ಬಿಡ್ಲಿಲ್ಲ, ಡೆವನ್ನಿನವ್ರು ಅದನ್ನ ಇನ್ನೂ ಮರೆತಿಲ್ಲ. ಪಕ್ಕದವನ ಅಪ್ಪ ಆ ವರ್ಷದ ಮಾತು ಬಂದ್ರೆ ಈಗ್ಲೂ ಎದ್ದು ಆಚೆ ಹೋಗ್ತಾರಂತೆ, ಮನೆಯವ್ರು ಯಾರೂ ಅವರನ್ನ ಆಡ್ಕೊಳ್ಳಲ್ಲ.

ಹಾಗಂತ ಇಲ್ಲಿ ಎಲ್ಲಾ ಚೆಂದ ಅಂತಲ್ಲ, ಅದನ್ನೂ ಹೇಳ್ಬೇಕು, ಹೇಳೋಕೆ ಮನಸ್ಸಿಲ್ಲದಿದ್ರೂ. ಸತ್ತ ಹಸುನ ಸ್ವಂತ ಜಮೀನಲ್ಲಿ ಹೂಳೋ ಹಾಗಿಲ್ಲ ಇಲ್ಲಿ, ಕಾನೂನು ಬಿಡಲ್ಲ. ಫೋನ್ ಮಾಡಿದ್ರೆ ಲಾರಿ ಬರುತ್ತೆ, ಚೈನ್ ಹಾಕಿ ಎಳ್ಕೊಂಡು ಹತ್ತಿಸ್ತಾರೆ, ಮುಗೀತು. ಏಳು ದಿನದೊಳಗೆ ಸಾವನ್ನ ರಿಪೋರ್ಟ್ ಮಾಡಿ ಅದರ ಪಾಸ್‌ಪೋರ್ಟ್ ವಾಪಸ್ ಕಳಿಸ್ಬೇಕು (ಹೌದು, ಇಲ್ಲಿ ದನಕ್ಕೂ ಪಾಸ್‌ಪೋರ್ಟ್ ಇದೆ). ಆ ಲಾರಿ ಹೋದ ಮೇಲೆ ಉಳಿದ ಹಸುಗಳು ಗೇಟ್ ಹತ್ರ ನಿಂತು ಕೂಗ್ತಾನೇ ಇದ್ವು ಅಂದ ಪಕ್ಕದವನು. ನಮ್ಮ ಗೌರಿಗೆ ಅಪ್ಪ ಯಾರನ್ನೂ ಕರೀಲಿಲ್ಲ, ಅಕ್ಕಪಕ್ಕದ ಹುಡುಗ್ರು ತಾವೇ ಹಾರೆ ಗುದ್ದಲಿ ತಗೊಂಡು ಬಂದು ಆಳೆತ್ತರದ ಗುಂಡಿ ತೋಡಿದ್ರು, ಕೂಲಿ ಅಂತ ಒಬ್ಬನೂ ಕೈ ಚಾಚಲಿಲ್ಲ. ಆ ಇನ್ಶೂರೆನ್ಸ್ ಮಾತಾಡಿದವ್ರೂ ಮಣ್ಣು ಎಳೆದ್ರಂತೆ. ಇಲ್ಲಿ ಪಕ್ಕದವನ ಹಸು ಸತ್ತಿದ್ದು ನಂಗೆ ಗೊತ್ತಾಗಿದ್ದೇ ಕಾರ್ಡ್ ನೋಡಿದ ಮೇಲೆ.

ಫೋನ್ ನಂಬರ್ರೂ ನಮ್ಮಲ್ಲಿ ಇಲ್ಲದೇ ಇಲ್ಲ. ದನಕ್ಕೆ ಹುಷಾರಿಲ್ಲ ಅಂದ್ರೆ 1962, ಅದು ಊರಲ್ಲಿ ಎಲ್ಲರಿಗೂ ಗೊತ್ತು. ಮನುಷ್ಯನ ಮನಸ್ಸಿಗೆ 14416, ಟೆಲಿ ಮಾನಸ್, 2022ರಲ್ಲಿ ಶುರುವಾಯ್ತು, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಅದನ್ನ ನಡೆಸೋದ್ರಲ್ಲಿ ನಮ್ಮ ನಿಮ್ಹಾನ್ಸ್ ಕೂಡ ಇದೆ. ಆದ್ರೆ ಹಸು ಸತ್ತಿದ್ದಕ್ಕೆ ಅಲ್ಲಿಗೆ ಫೋನ್ ಮಾಡಬಹುದು ಅಂತ ನಮ್ಮೂರಲ್ಲಿ ಯಾರ ತಲೆಗೂ ಬರಲ್ಲ. ತಮ್ಮನಿಗೆ ಹೇಳಿದೀನಿ, ಆ ನಂಬರ್ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರ್ದಿಡು ಅಂತ. ಊರಿನ ದನದ ಡಾಕ್ಟ್ರುಗಳಿಗೂ ಒಂದು ಕೇಳ್ಕೊಳ್ಳೋದಿದೆ, ನಿಮ್ಗೆ ಕಾರ್ಡ್ ಬರೆಯೋಷ್ಟು ಪುರುಸೊತ್ತಿಲ್ಲ ಅಂತ ಗೊತ್ತು ಸಾರ್, ಕ್ಲೈಮ್ ಫಾರ್ಮಿಗೆ ಸೈನ್ ಹಾಕೋವಾಗ "ನಿಮ್ದೇನೂ ತಪ್ಪಿಲ್ಲ ಯಜಮಾನ್ರೇ, ಹಾಲುಜ್ವರ ಹಂಗೇ, ಒಮ್ಮೊಮ್ಮೆ ಗೊತ್ತಾಗೋಷ್ಟ್ರಲ್ಲಿ ಕೈ ಮೀರಿರುತ್ತೆ" ಅಂತ ಒಂದು ಮಾತು ಹೇಳಿ. ಅಪ್ಪಂಗೆ ಅವತ್ತು ಬೇಕಿದ್ದದ್ದು ಅದೇ.