ಸತ್ತ ಬಾವಿ ಲೆಕ್ಕಕ್ಕಿಲ್ಲ

ಅಂತರ್ಜಲದ ಸರಾಸರಿ ಮಟ್ಟ ಏರಿದೆಯಂತೆ. ನೀವೂ ಪೇಪರಿನಲ್ಲಿ ಓದಿರುತ್ತೀರಿ. ಕೋಲಾರದ ಕಡೆಯವರಾದ ನಾವು ಅದನ್ನು ಟ್ಯಾಂಕರಿಗೆ ಕಾಯುತ್ತಾ ಓದಿದೆವು. ಬಿಂದಿಗೆ ಕೆಳಗಿಟ್ಟು ಚಪ್ಪಾಳೆ ಹೊಡೆಯೋಣ ಅನ್ನಿಸಿತು, ಆದರೆ ಸಾಲು ತಪ್ಪೀತು ಅಂತ ಸುಮ್ಮನಾದೆ.

ಸುಳ್ಳು ಹೇಳಬಾರದು. 2018ರಿಂದ ಬೆಂಗಳೂರಿನ ಕೊಳಚೆ ನೀರು ಸೋಸಿಕೊಂಡು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲ ವರ್ಷ ನೊರೆಯೂ ಬಂತು. ಆ ಕೆರೆಗಳ ಸುತ್ತ ಬೋರುಗಳಿಗೆ ಜೀವ ಬಂದಿರಬಹುದು. ನನ್ನ ಖುಷಿ ಆ ಏರಿಕೆಯದ್ದಲ್ಲ, ಸರಾಸರಿಯದ್ದು.

ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಗುರುತು ಮಾಡಿದ ಬಾವಿಗಳನ್ನು ಅಳೆಸುತ್ತದೆ. ನೀರಿದ್ದರೆ ಆಳ ಬರೆಯಬಹುದು. ಬತ್ತಿದ್ದರೆ ಏನು ಬರೆಯುವುದು? ಆ ಜಾಗ ಖಾಲಿ. ಖಾಲಿ ಜಾಗವನ್ನು ಸರಾಸರಿಗೆ ಕೂಡಿಸಲು ಬರುವುದಿಲ್ಲ. ದಕ್ಷಿಣ ಭಾರತದಲ್ಲಿ ಅಂತರ್ಜಲ ಏರಿದಂತೆ ಕಂಡದ್ದು ಹೀಗೆ ಬತ್ತಿದ ಬಾವಿಗಳು ಲೆಕ್ಕದಿಂದ ಬಿದ್ದುಹೋದದ್ದಕ್ಕೆ ಅಂತ 2019ರಲ್ಲೇ ಸಂಶೋಧಕರಾದ ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು ತೋರಿಸಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಅಂತ ಬ್ಯಾನರ್ ಕಟ್ಟುವ ಶಾಲೆಗಳಿಲ್ಲವೇ? ಫೇಲಾಗುವ ಹುಡುಗನಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟಿರುತ್ತಾರೆ.

ಪಾಯಿಂಟ್ ಮಾಡುವ, ಅಂದರೆ ಬೋರು ಎಲ್ಲಿ ಕೊರೆಸಬೇಕು ಅಂತ ಗುರುತಿಸುವ ವಿದ್ಯೆಯ ಬಗ್ಗೆಯೂ ಎರಡು ಮಾತು. ಭೂವಿಜ್ಞಾನಿ ನಾಲ್ಕು ಕಬ್ಬಿಣದ ಕಡ್ಡಿ ನೆಟ್ಟು, ಹೊರಗಿನ ಎರಡಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರಲ್ಲಿ ಅಳೆಯುತ್ತಾರೆ. ತೆಂಗಿನಕಾಯಿ ಸ್ವಾಮಿ ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರು. ನಮ್ಮವರು ಇಬ್ಬರನ್ನೂ ಕರೆಸುತ್ತಾರೆ. ಎರಡು ಪಾಯಿಂಟು ಬೇರೆ ಬೇರೆ ಬಂದರೆ ಯಾರಿಗೂ ಬೇಜಾರು ಬೇಡ ಅಂತ ನಡುಮಧ್ಯೆ ಕೊರೆಸಿದವರೂ ಇದ್ದಾರೆ. ಕೆಳಗಿರುವುದು ಗಟ್ಟಿ ಬಂಡೆ. ಮೇಲಿನ ಸಡಿಲ ಪದರ ಒಣಗಿದ ಮೇಲೆ ನೀರು ಇದ್ದರೆ ಬಿರುಕಿನಲ್ಲಿ ಮಾತ್ರ. ಪಕ್ಕದ ಹೊಲದಲ್ಲಿ ಚಿಮ್ಮಿದ್ದು ನಿಮ್ಮಲ್ಲಿ ಬರೀ ಧೂಳು. ಇದರಲ್ಲಿ ಕಾಯಿಯದೇನು ತಪ್ಪು, ಕಡ್ಡಿಯದೇನು ತಪ್ಪು?

ನಮ್ಮ ಚಿಕ್ಕಪ್ಪ ಮೂರನೇ ಬೋರು ಹಾಕಿಸಿದ ರಾತ್ರಿ ನಾನೂ ಅಲ್ಲಿದ್ದೆ. ರಿಗ್ಗಿನ ಸದ್ದಿಗೆ ಊರಿಗೇ ನಿದ್ದೆ ಇಲ್ಲ. ಒಂದೊಂದು ರಾಡ್ ಇಳಿದಾಗಲೂ ಚಿಕ್ಕಪ್ಪ ಬಂಡೆಪುಡಿಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು, ತೇವ ಇದೆಯಾ ಅಂತ. ಸಾವಿರದ ನಾನೂರು ಅಡಿಗೆ ನಿಲ್ಲಿಸಿದರು. ಆಗಲೂ ಅದೇ ಪುಡಿ, ಹಿಟ್ಟಿನ ಹಾಗೆ. ಬಿಲ್ ಅಡಿ ಲೆಕ್ಕದಲ್ಲಿ ಬಂತು. ಚಿಕ್ಕಮ್ಮನ ಸರ ಹೋಯಿತು. ಆ ಮೂರು ತೂತುಗಳು ಯಾವ ಸರಾಸರಿಯಲ್ಲಿವೆ? ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಇಲ್ಲದ ನೀರನ್ನು ಇಲ್ಲ ಅಂತ ಬರೆಯೋಕೆ ಏನು ಕಷ್ಟ?

ನಮ್ಮೂರ ಐವತ್ತಡಿ ತೆರೆದ ಬಾವಿಯ ಕಟ್ಟೆ ಮೇಲೂ ಹಳದಿ ಬಣ್ಣದ ನಂಬರ್ ಇದೆ. ಒಳಗೆ ಹರಿದ ಚಪ್ಪಲಿ, ಹಾಲಿನ ಕವರು, ಒಂದು ಬೇವಿನ ಗಿಡ. ಹೋದ ಬೇಸಿಗೆಯಲ್ಲಿ ಅಳೆಯುವವರು ಬಂದರು. ಇಣುಕಿದರು. ಟೇಪು ಬಿಚ್ಚಲೇ ಇಲ್ಲ. ಪಾಪ, ಬಿಸಿಲಲ್ಲಿ ಬಂದಿದ್ದರು, ಕುಡಿಯಲು ನೀರು ಕೇಳಿದರು. ಚಿಕ್ಕಮ್ಮ ಕ್ಯಾನು ಬಗ್ಗಿಸಿ ಅರ್ಧ ಲೋಟ ಕೊಟ್ಟರು.